ಪಾರ್ಕಿನ್ಸನ್‌ಗೆ ಡಿಬಿಎಸ್: ಎಸ್‌ಟಿಎನ್, ಜಿಪಿಐ ಅಥವಾ ಬೇರೆ ದಾರಿ? ಮಾತು, ಗಮನ, ಮನಸ್ಸಿನ ಲೆಕ್ಕದಲ್ಲಿ ಒಂದು ಹೋಲಿಕೆ

ಪಾರ್ಕಿನ್ಸನ್ ಕಾಯಿಲೆಗೆ ಡಿಬಿಎಸ್ (ಮೆದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟು ಹಾಯಿಸುವ ಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬೌದ್ಧಿಕ ಅಡ್ಡಪರಿಣಾಮ ಪದ ತಡವಾಗಿ ಬರುವುದು. ಒಂದು ನಿಮಿಷದಲ್ಲಿ ಹೊಳೆದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರೆ, ಮೊದಲು ಹದಿನೆಂಟು ಹೇಳುತ್ತಿದ್ದವರು ಆಮೇಲೆ ಹದಿಮೂರಕ್ಕೆ ನಿಲ್ಲಬಹುದು. ಹೆಸರುಗಳು ಮರೆತುಹೋಗಿರುವುದಿಲ್ಲ; ಚಿತ್ರ ತೋರಿಸಿದರೆ ತಟ್ಟನೆ ಹೇಳುತ್ತಾರೆ. ತಾವಾಗಿ ಹುಡುಕಿ ತೆಗೆಯುವ ವೇಗ ಕುಗ್ಗಿರುತ್ತದೆ. ಎಸ್‌ಟಿಎನ್ ಎಂಬ ಮೆದುಳಿನ ನರಗಂಟಿಗೆ ಡಿಬಿಎಸ್ ಆದ 612 ರೋಗಿಗಳ, 28 ಅಧ್ಯಯನಗಳ ಮಾಹಿತಿಯನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗಲೂ ಎದ್ದು ಕಂಡದ್ದು ಇದೇ. ಯೋಜನಾಶಕ್ತಿ, ಕಲಿತದ್ದನ್ನು ನೆನಪಿಡುವುದು ಇವುಗಳಲ್ಲಿ ಕುಸಿತ ಇತ್ತು, ಆದರೆ ಚಿಕ್ಕದು.

ಇದರ ಜೊತೆಗೆ ಗಮನ ಚದುರುವುದು, ಎರಡು ಕೆಲಸ ಒಟ್ಟಿಗೆ ನಿಭಾಯಿಸಲಾಗದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದಕ್ಕೆ ತದ್ವಿರುದ್ಧವಾಗಿ ದುಡುಕುವುದು ಇವೂ ಉಂಟು. ಎಲ್ಲವನ್ನೂ ‘ಡಿಬಿಎಸ್‌ನಿಂದ ತಲೆ ಮಂಕಾಯಿತು’ ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಆಯ್ಕೆ ಮಾಡಬೇಕಾದವರು ಆ ಚೀಲ ಬಿಚ್ಚಲೇಬೇಕು. ಒಂದೊಂದರ ಕಾರಣ ಬೇರೆ, ಹಾಗಾಗಿ ಒಂದೊಂದನ್ನು ತಪ್ಪಿಸುವ ಆಯ್ಕೆಯೂ ಬೇರೆ.

ಯಾವಾಗ ಶುರುವಾಯಿತು ಎಂಬುದೇ ಸುಳಿವು

ಕಾರಣಗಳು ನಾಲ್ಕು: ತಂತಿ ಸಾಗಿದ ದಾರಿ, ಹಾಯಿಸಿದ ಕರೆಂಟು, ಪ್ರಮಾಣ ಇಳಿಸಿದ ಮಾತ್ರೆ, ಮುಂದುವರಿಯುತ್ತಲೇ ಇರುವ ಕಾಯಿಲೆ. ನಾಲ್ಕಕ್ಕೂ ಅವುಗಳದೇ ಸಮಯವಿದೆ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲೇ ಪದ ತಡಕಾಡುವುದು ಶುರುವಾದರೆ ಅದು ಬಹುತೇಕ ತಂತಿಯ ದಾರಿಯದು. ಸುಮಾರು 1.3 ಮಿಲಿಮೀಟರ್ ದಪ್ಪದ ತಂತಿ ಹಣೆಯ ಹಿಂಭಾಗದ ತಲೆಬುರುಡೆಯಿಂದ ಮುಂಭಾಗದ ಮೆದುಳನ್ನು ದಾಟಿ ಆಳಕ್ಕೆ ಇಳಿಯುತ್ತದೆ. ದಾರಿಯಲ್ಲಿ ಒಂದಿಷ್ಟು ನರತಂತುಗಳು ಕತ್ತರಿಸಿಹೋಗುತ್ತವೆ, ಸುತ್ತ ಊತ ಬರುತ್ತದೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 136 ಮಂದಿಗೆ ಎಸ್‌ಟಿಎನ್‌ನಲ್ಲಿ ತಂತಿ ಹಾಕಿ, 101 ಮಂದಿಗೆ ಕೂಡಲೇ ಕರೆಂಟು ಕೊಟ್ಟರು, 35 ಮಂದಿಗೆ ಮೂರು ತಿಂಗಳು ಕೊಡಲಿಲ್ಲ. ಕರೆಂಟು ಇಲ್ಲದ ಗುಂಪಿನಲ್ಲೂ ಪದ ಹುಡುಕುವ ವೇಗ ತಗ್ಗಿತ್ತು. ಈ ಭಾಗವನ್ನು ಯಂತ್ರ ಆಫ್ ಮಾಡಿ ವಾಪಸ್ ಪಡೆಯಲಾಗದು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ತಿಳಿದಿರಬೇಕು. ಡಿಬಿಎಸ್ ‘ಪೂರ್ತಿ ಹಿಂಪಡೆಯಬಹುದಾದ ಚಿಕಿತ್ಸೆ’ ಎಂದು ಹೇಳುವಾಗ ಎಷ್ಟೋ ಸಲ ಈ ಮಾತು ಬಿಟ್ಟುಹೋಗುತ್ತದೆ.

ಕರೆಂಟು ಏರಿಸಿದ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದ ಬದಲಾವಣೆ ಕರೆಂಟಿನದು: ಅತಿಯಾದ ಉಲ್ಲಾಸ, ನಿದ್ದೆ ಬೇಡವಾಗುವುದು, ಕಾರಣವಿಲ್ಲದ ನಗು ಅಥವಾ ಅಳು, ತಡವರಿಸುವ ಉಚ್ಚಾರ. ಇವು ಸೆಟ್ಟಿಂಗ್ ಬದಲಿಸಿದರೆ ಇಳಿಯುತ್ತವೆ.

ವಾರಗಳಿಂದ ತಿಂಗಳುಗಳ ಅಂತರದಲ್ಲಿ ಮೆಲ್ಲಗೆ ಕವಿಯುವ ನಿರಾಸಕ್ತಿ ಮಾತ್ರೆ ಇಳಿಸಿದ್ದರ ಫಲ. ಪಾರ್ಕಿನ್ಸನ್‌ನಲ್ಲಿ ಕೊರತೆಯಾಗುವ ಮೆದುಳಿನ ರಾಸಾಯನಿಕ ಡೋಪಮಿನ್; ವರ್ಷಗಟ್ಟಲೆ ಮಾತ್ರೆಯ ಮೂಲಕ ಹೊರಗಿನಿಂದ ಬಂದ ಡೋಪಮಿನ್‌ಗೆ ಮೆದುಳು ಒಗ್ಗಿರುತ್ತದೆ. ಕೈಕಾಲಿನ ಕೊರತೆಯನ್ನು ಎಸ್‌ಟಿಎನ್ ಕರೆಂಟು ತುಂಬಿಕೊಡುತ್ತದೆ, ಉತ್ಸಾಹದ ಕೊರತೆಯನ್ನು ತುಂಬುವುದಿಲ್ಲ. 2010ರ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಔಷಧವನ್ನು ತೀವ್ರವಾಗಿ ಇಳಿಸಿದ 63 ಮಂದಿಯಲ್ಲಿ 34 ಮಂದಿಗೆ ಸರಾಸರಿ 4.7 ತಿಂಗಳಿಗೆ ಈ ನಿರಾಸಕ್ತಿ ಬಂತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವರ್ಷದೊಳಗೆ ಹೋಯಿತು.

ವರ್ಷಗಳ ಮೇಲೆ ಬರುವ ಮರೆವಿನ ಕಾಯಿಲೆ ಪಾರ್ಕಿನ್ಸನ್‌ನದೇ. ಎಸ್‌ಟಿಎನ್ ಡಿಬಿಎಸ್ ಆದವರನ್ನು ಹತ್ತು ವರ್ಷ ಹಿಂಬಾಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಮೆನ್ಶಿಯಾ 1ನೇ ವರ್ಷಕ್ಕೆ ಶೇ. 2.3, 5ನೇ ವರ್ಷಕ್ಕೆ ಶೇ. 8.5, 10ನೇ ವರ್ಷಕ್ಕೆ ಶೇ. 29.8 ಇತ್ತು. ಡಿಬಿಎಸ್ ಇಲ್ಲದ ಪಾರ್ಕಿನ್ಸನ್ ರೋಗಿಗಳಲ್ಲಿ ಕಾಣುವುದಕ್ಕಿಂತ ಇದು ಹೆಚ್ಚಲ್ಲ. ಕಡಿಮೆಯೂ ಅಲ್ಲ: ಡಿಬಿಎಸ್ ಕಾಯಿಲೆಯ ನಡಿಗೆಯನ್ನು ತಡೆಯುವುದಿಲ್ಲ.

ಎಸ್‌ಟಿಎನ್ ಮತ್ತು ಜಿಪಿಐ

ನಿಜವಾದ ಆಯ್ಕೆ ಇರುವುದು ತಂತಿಯ ಗುರಿಯಾಗುವ ಮೆದುಳಿನ ಈ ಎರಡು ನರಗಂಟುಗಳ ನಡುವೆ. ಎಸ್‌ಟಿಎನ್ ಬಟಾಣಿ ಕಾಳಿನಷ್ಟು ಚಿಕ್ಕ ನರಗಂಟು. ಅದರ ಮೇಲ್‌ಹೊರ ಭಾಗ ಚಲನೆಗೆ, ಮಧ್ಯಭಾಗ ಯೋಚನೆಗೆ, ಕೆಳಒಳ ತುದಿ ಭಾವನೆಗೆ ಸಂಬಂಧಿಸಿದ್ದು. ಇಷ್ಟು ಚಿಕ್ಕ ಜಾಗದಲ್ಲಿ ಈ ಮೂರೂ ಒತ್ತೊತ್ತಾಗಿ ಇರುವುದರಿಂದ ತಂತಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ, ಕರೆಂಟು ತುಸು ಹೆಚ್ಚಿದರೂ ಪಕ್ಕದ ಭಾಗಕ್ಕೆ ಹರಡುತ್ತದೆ. ಜಿಪಿಐ ಅದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು; ಚಲನೆಯ ಭಾಗ ಉಳಿದವುಗಳಿಂದ ಹೆಚ್ಚು ದೂರದಲ್ಲಿದೆ. ತಪ್ಪು ಮನ್ನಿಸುವ ಗುಣ ಜಿಪಿಐಗೆ ಹೆಚ್ಚು ಎನ್ನಬಹುದು. ಅದಕ್ಕೆ ತೆರುವ ಬೆಲೆ: ಹೆಚ್ಚು ಕರೆಂಟು ಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ.

ಎರಡನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಿದ ದೊಡ್ಡ ಪ್ರಯೋಗಗಳು ಎರಡು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಮುಂದಾಳತ್ವದಲ್ಲಿ ನಡೆದು 2010ರಲ್ಲಿ ಪ್ರಕಟವಾದದ್ದರಲ್ಲಿ 299 ರೋಗಿಗಳಿದ್ದರು. 24 ತಿಂಗಳಿಗೆ ಚಲನೆಯ ಸುಧಾರಣೆ ಎರಡರಲ್ಲೂ ಸರಿಸಮ. ಆದರೆ ಕಣ್ಣಿಂದ ನೋಡಿ ಕೈಯಿಂದ ಮಾಡುವ ಕೆಲಸದ ವೇಗ ಎಸ್‌ಟಿಎನ್ ಗುಂಪಿನಲ್ಲಿ ಹೆಚ್ಚು ಕುಸಿಯಿತು, ಖಿನ್ನತೆಯ ಅಂಕ ಎಸ್‌ಟಿಎನ್‌ನಲ್ಲಿ ತುಸು ಕೆಟ್ಟು ಜಿಪಿಐನಲ್ಲಿ ತುಸು ಸುಧಾರಿಸಿತು. 36 ತಿಂಗಳ ಲೆಕ್ಕದಲ್ಲಿ ಒಟ್ಟು ಬುದ್ಧಿಶಕ್ತಿ ಅಳೆಯುವ ಮ್ಯಾಟಿಸ್ ಡಿಮೆನ್ಶಿಯಾ ಪರೀಕ್ಷೆಯ ಅಂಕವೂ ಎಸ್‌ಟಿಎನ್‌ನಲ್ಲಿ ಬೇಗ ಇಳಿಯಿತು. ನೆದರ್ಲೆಂಡ್ಸ್‌ನಲ್ಲಿ 128 ರೋಗಿಗಳ ಮೇಲೆ ನಡೆದು 2013ರಲ್ಲಿ ಹೊರಬಂದ ಪ್ರಯೋಗ ಬೇರೆ ಮಾತು ಹೇಳಿತು: ಬುದ್ಧಿ, ಮನಸ್ಸು, ನಡವಳಿಕೆಯ ಒಟ್ಟು ಅಳತೆಯಲ್ಲಿ ಒಂದು ವರ್ಷಕ್ಕೆ ಎರಡಕ್ಕೂ ವ್ಯತ್ಯಾಸ ಇಲ್ಲ, ಮಾತ್ರೆಯ ಪ್ರಭಾವ ಇಳಿದ ‘ಆಫ್’ ಅವಧಿಯ ಚಲನೆ ಎಸ್‌ಟಿಎನ್‌ನಲ್ಲೇ ಚೆನ್ನ.

ಎರಡನ್ನೂ ಸೇರಿಸಿ ಓದಿದರೆ ಅರ್ಥ ಇಷ್ಟು: ಬೌದ್ಧಿಕ ವ್ಯತ್ಯಾಸ ಇದ್ದರೆ ಅದು ಜಿಪಿಐ ಕಡೆಗೆ ವಾಲುತ್ತದೆ, ಆದರೆ ವಾಲುವಿಕೆ ಸಣ್ಣದು. ವಯಸ್ಸು ಕಡಿಮೆ, ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಕುಂದಿಲ್ಲ ಎನ್ನುವವರಿಗೆ ಗುರಿಯ ಹೆಸರಿಗಿಂತ ಆ ಗುರಿಗೆ ತಂತಿ ಹೋದ ದಾರಿಯೂ, ಕೂರಿಸುವ ತಂಡದ ಅಭ್ಯಾಸವೂ ದೊಡ್ಡವು. ವರ್ಷಕ್ಕೆ ಐವತ್ತು ಎಸ್‌ಟಿಎನ್ ಮಾಡಿ ಜಿಪಿಐ ಎರಡೇ ಮಾಡುವ ತಂಡದ ಕೈಯಲ್ಲಿ ಜಿಪಿಐ ‘ಸುರಕ್ಷಿತ’ ಎಂದುಕೊಳ್ಳುವುದು ಕಾಗದದ ಲೆಕ್ಕ.

ಮಾತ್ರೆಯ ವಿಷಯ ಹಾಗಲ್ಲ, ಅಲ್ಲಿ ಎರಡಕ್ಕೂ ಸ್ಪಷ್ಟ ಅಂತರವಿದೆ. ಎಸ್‌ಟಿಎನ್ ಆದವರಲ್ಲಿ ಡೋಪಮಿನ್ ಔಷಧ ಮೂರನೇ ಒಂದರಿಂದ ಅರ್ಧದವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಇಳಿಯುತ್ತದೆ. ಜಿಪಿಐನಲ್ಲಿ ಇಳಿಯುವುದು ಕಡಿಮೆ. ಅಲ್ಲಿ ಕರೆಂಟು ಕುಲುಕಾಟವನ್ನು, ಅಂದರೆ ಡಿಸ್ಕೈನೇಶಿಯಾವನ್ನು, ತಾನೇ ನೇರವಾಗಿ ಅಡಗಿಸುತ್ತದೆ, ಮಾತ್ರೆ ಹಾಗೇ ಮುಂದುವರಿಯಬಹುದು. ಇದರಿಂದ ಹುಟ್ಟುವ ಆಯ್ಕೆಗಳು ನೋಡಿ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳಿಂದ ಜೂಜು, ಮಿತಿಮೀರಿದ ಖರೀದಿ, ಲೈಂಗಿಕ ಚಪಲ ಹತ್ತಿಕೊಂಡವರಿಗೆ ಎಸ್‌ಟಿಎನ್ ಲಾಭ, ಏಕೆಂದರೆ ಆ ಮಾತ್ರೆಗಳನ್ನು ನಿಲ್ಲಿಸಲು ಸಾಧ್ಯವಾಗುತ್ತದೆ. ಮಾತ್ರೆಯಿಂದ ಭ್ರಮೆ ಕಾಣುತ್ತಿದ್ದು ಬುದ್ಧಿ ಚುರುಕಾಗಿಯೇ ಇದ್ದರೆ ಅಲ್ಲೂ ಹೀಗೇ. ಹಿಂದೆ ಖಿನ್ನತೆ ಬಂದಿದ್ದವರಿಗೆ, ಮಾತ್ರೆ ತುಸು ತಪ್ಪಿದರೂ ಮನಸ್ಸು ಕುಸಿಯುವವರಿಗೆ ಮಾತ್ರೆ ಉಳಿಸಿಕೊಳ್ಳಲು ಬಿಡುವ ಜಿಪಿಐ ವಾಸಿ. ಎಸ್‌ಟಿಎನ್‌ನಲ್ಲಿ ದುಡುಕಿನ ಇನ್ನೊಂದು ಮುಖವೂ ಇದೆ. ಎರಡು ಆಯ್ಕೆಗಳು ಹೆಚ್ಚುಕಮ್ಮಿ ಸಮ ಇದ್ದಾಗ ಮನುಷ್ಯ ತುಸು ತಡೆದು ಯೋಚಿಸುತ್ತಾನೆ. ಆ ‘ತಡಿ’ ಎನ್ನುವ ಸಂಕೇತ ಎಸ್‌ಟಿಎನ್ ಮೂಲಕ ಹೋಗುತ್ತದೆ. ಕರೆಂಟು ಹಾಯುತ್ತಿದ್ದಾಗ ಇಂಥ ಇಕ್ಕಟ್ಟಿನಲ್ಲಿ ರೋಗಿಗಳು ಇನ್ನೂ ಬೇಗ ನಿರ್ಧರಿಸಿಬಿಡುವುದು 2007ರ ಪ್ರಯೋಗದಲ್ಲಿ ಕಂಡಿತು. ರೋಗಿಯೇ ಹಣಕಾಸು ನೋಡಿಕೊಳ್ಳುವ, ವಾಹನ ಓಡಿಸುವ ಮನೆಯಲ್ಲಿ ಇದು ಬರೀ ಪರೀಕ್ಷಾಕೊಠಡಿಯ ಕುತೂಹಲವಲ್ಲ.

ವಂಶವಾಹಿಯ ಪರೀಕ್ಷೆ ಆಗಿದ್ದರೆ ಜಿಬಿಎ ಎಂಬ ಜೀನ್‌ನ ಫಲಿತಾಂಶ ನೋಡಿ. ಜಿಬಿಎ ರೂಪಾಂತರ ಇರುವವರ ಬುದ್ಧಿಶಕ್ತಿ ಎಸ್‌ಟಿಎನ್ ಡಿಬಿಎಸ್ ಬಳಿಕ ಬೇಗ ಕುಸಿಯುವುದನ್ನು 2022ರ ಅಧ್ಯಯನವೊಂದು ತೋರಿಸಿದೆ. ಇದ್ದ ಮಾತ್ರಕ್ಕೆ ಡಿಬಿಎಸ್ ಬೇಡವೆಂದಲ್ಲ, ಎಸ್‌ಟಿಎನ್ ಎನ್ನುವ ಮೊದಲು ಎರಡು ಸಲ ಯೋಚಿಸಬೇಕು.

ವಿಮ್ ಎಂಬ, ಮೆದುಳಿನ ಥಲಾಮಸ್ ಭಾಗದಲ್ಲಿರುವ ಗುರಿ ನಡುಕಕ್ಕೆ ಮಾತ್ರ. ಬಿಗಿತ, ನಿಧಾನ, ಕುಲುಕಾಟಕ್ಕೆ ಅದರಿಂದ ಪ್ರಯೋಜನವಿಲ್ಲ. ಎರಡೂ ಕಡೆ ಹಾಕಿದರೆ ಉಚ್ಚಾರ, ಸಮತೋಲನ ಕೆಡಬಹುದು. ವಯಸ್ಸಾದ, ನಡುಕವೇ ಪ್ರಧಾನವಾದ, ಒಂದು ಕೈಗಷ್ಟೇ ಪರಿಹಾರ ಸಾಕೆನ್ನುವವರಿಗೆ ಸರಿ.

ಒಂದೇ ಕಡೆಯೋ, ಎರಡೂ ಕಡೆಯೋ

ಕಾಯಿಲೆ ಒಂದು ಬದಿಯಲ್ಲೇ ಜೋರಾಗಿದ್ದರೆ ಮೊದಲು ಒಂದು ತಂತಿ ಹಾಕಿ, ಆರು ತಿಂಗಳು ಕಳೆದು ಎರಡನೆಯದು ಬೇಕೇ ಎಂದು ನೋಡುವುದು ಒಳ್ಳೆಯ ಕ್ರಮ. ಬಲಗೈಯವರಲ್ಲಿ ಮಾತಿನ ಕೇಂದ್ರ ಸಾಮಾನ್ಯವಾಗಿ ಎಡ ಮೆದುಳಿನಲ್ಲಿರುತ್ತದೆ, ಹಾಗಾಗಿ ಎಡಗಡೆಯ ತಂತಿಯಿಂದ ಪದದ ವೇಗಕ್ಕೆ ಬೀಳುವ ಪೆಟ್ಟು ಹೆಚ್ಚು. ತೊಂದರೆ ಎಂದರೆ ಬಲಗೈಗೆ ಪರಿಹಾರ ಬೇಕಾದಾಗ ತಂತಿ ಹೋಗಬೇಕಾದದ್ದೂ ಎಡಕ್ಕೇ. ನಡಿಗೆ, ಎರಡೂ ಕಾಲು, ಬೆನ್ನು ಕೆಟ್ಟವರಿಗೆ ಒಂದೇ ತಂತಿ ಸಾಲದು, ಅವರನ್ನು ಎರಡು ಶಸ್ತ್ರಚಿಕಿತ್ಸೆಗೆ ದೂಡುವುದೂ ನ್ಯಾಯವಲ್ಲ.

ಶಸ್ತ್ರಚಿಕಿತ್ಸಕರ ಮುಂದೆ ಕೇಳಲೇಬೇಕಾದದ್ದು ತಂತಿಯ ದಾರಿ. ಕಾಡೇಟ್ ಎಂಬ ಗಂಟನ್ನು ತೂರಿ ಹೋದ ತಂತಿಗಳಿಗೂ ಒಟ್ಟು ಬುದ್ಧಿಶಕ್ತಿ, ಕೆಲಸದ ನೆನಪು ಕುಸಿಯುವುದಕ್ಕೂ ನಂಟಿದೆ ಎಂದು 2013ರಲ್ಲಿ ಗೊತ್ತಾಯಿತು. ‘ಎಂಆರ್‌ಐ ಮೇಲೆ ಎಳೆದ ದಾರಿ ಕಾಡೇಟನ್ನೂ ಮೆದುಳಿನ ನೀರಿನ ಕೋಣೆಯನ್ನೂ ತಪ್ಪಿಸುತ್ತದೆಯೇ, ಎರಡೂ ಕಡೆ?’ ಎಂದು ನೇರವಾಗಿ ಕೇಳಿ. ಒಂದು ಬದಿಗೆ ಎಷ್ಟು ಸಲ ಸೂಜಿತಂತಿ ಇಳಿಸುತ್ತೀರಿ ಎಂದೂ ಕೇಳಿ. ನರಕೋಶಗಳ ಸದ್ದು ಆಲಿಸಲು ಐದು ಸೂಕ್ಷ್ಮತಂತಿ ಒಟ್ಟಿಗೆ ಇಳಿಸುವ ಪದ್ಧತಿಯಿದೆ, ಎಂಆರ್‌ಐ ನೆಚ್ಚಿ ಒಂದೇ ಇಳಿಸುವ ಪದ್ಧತಿಯೂ ಇದೆ. ಪ್ರತಿ ಇಳಿತವೂ ರಕ್ತಸ್ರಾವದ ಸಾಧ್ಯತೆಯನ್ನು ಚೂರು ಏರಿಸುತ್ತದೆ, ಮೆದುಳಿನ ರಕ್ತಸ್ರಾವದಿಂದ ಆಗುವ ಹಾನಿಯ ಮುಂದೆ ಉಳಿದ ಬೌದ್ಧಿಕ ಪರಿಣಾಮಗಳೆಲ್ಲ ಸಣ್ಣವು. ಕರೆಂಟನ್ನು ಒಂದು ದಿಕ್ಕಿಗೆ ತಿರುಗಿಸಬಲ್ಲ, ಭಾಗ ಮಾಡಿದ ತುದಿಯ ತಂತಿ ಸಿಗುವುದಾದರೆ ಎಸ್‌ಟಿಎನ್‌ಗೆ ಅದನ್ನೇ ಆರಿಸಿ. ತಂತಿ ತುಸು ತಪ್ಪಿ ಕೂತರೂ ಸರಿಪಡಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಮೆದುಳಿಗೆ ತಂತಿಯೇ ಬೇಡ ಎನ್ನುವವರಿಗೆ

ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಆಗಲೇ ಕುಂದು ಕಂಡವರಿಗೆ ಔಷಧವನ್ನು ಸತತ ಹರಿಸುವ ಪಂಪುಗಳೇ ಹೆಚ್ಚು ಹೊಂದುತ್ತವೆ. ಚರ್ಮದಡಿ ಅಪೊಮಾರ್ಫಿನ್ ಪಂಪು ಹಗಲೆಲ್ಲ ಹರಿಯುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನದ ‘ಆಫ್’ ಸಮಯ 2.47 ಗಂಟೆ ಇಳಿಯಿತು; ಹುಸಿ ಔಷಧ ಪಡೆದವರಲ್ಲಿ ಇಳಿದದ್ದು 0.58 ಗಂಟೆ. ಚರ್ಮದಡಿ ಗಂಟು, ವಾಕರಿಕೆ, ತೂಕಡಿಕೆ, ನಿಂತಾಗ ರಕ್ತದೊತ್ತಡ ಬೀಳುವುದು ಇದರ ಕಾಟ. ಲೆವೊಡೋಪಾ ಜೆಲ್ ಹೊಟ್ಟೆಯ ಗೋಡೆಯ ಮೂಲಕ ಸಣ್ಣಕರುಳಿಗೆ ಹೋಗುವ ಕೊಳವೆಯಲ್ಲಿ ಸೇರುತ್ತದೆ. ಕೊಳವೆ ಜಾರುವುದು, ಕಟ್ಟಿಕೊಳ್ಳುವುದು ಸಾಮಾನ್ಯ. ಬಿ12, ಬಿ6 ಜೀವಸತ್ವ ಕುಸಿದು ಕಾಲಿನ ನರ ಜೋಮು ಹಿಡಿಯಬಹುದು, ಹಾಗಾಗಿ ಇವೆರಡನ್ನೂ ರಕ್ತದಲ್ಲಿ ಆಗಾಗ ನೋಡಬೇಕು. ಚರ್ಮದಡಿಯೇ ದಿನವಿಡೀ ಹರಿಯುವ ಫೊಸ್ಲೆವೊಡೋಪಾ ಈಚಿನದು. ಇವು ಪದದ ವೇಗ ಕಸಿಯುವುದಿಲ್ಲ. ಆದರೆ ಭ್ರಮೆ ಇರುವವರಲ್ಲಿ ಹೆಚ್ಚಿಸಬಹುದು, ಮತ್ತು ಪ್ರತಿದಿನ ಪಂಪು ಜೋಡಿಸಿ ಬಿಚ್ಚಲು ಕೈ ಆಡುವ ಒಬ್ಬರು ಮನೆಯಲ್ಲಿ ಬೇಕು. ಮನೆಯಲ್ಲಿ ಅಂಥವರಿಲ್ಲದಿದ್ದರೆ ಈ ಆಯ್ಕೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಹೊರಗಿನಿಂದಲೇ ಶಬ್ದತರಂಗ ಹಾಯಿಸಿ ಮೆದುಳಿನ ಗುರಿಯನ್ನು ಸುಡುವ ಕೇಂದ್ರೀಕೃತ ಅಲ್ಟ್ರಾಸೌಂಡ್‌ನಲ್ಲಿ ತಲೆಬುರುಡೆ ಕೊರೆಯುವುದಿಲ್ಲ, ಯಂತ್ರ ಉಳಿಯುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡುಕ ಪ್ರಧಾನ ಪಾರ್ಕಿನ್ಸನ್‌ಗೆ 2018ರಲ್ಲಿ, ಒಂದು ಬದಿಯ ಜಿಪಿಐ ಸುಡುವಿಕೆಗೆ 2021ರಲ್ಲಿ ಒಪ್ಪಿತು. ಸುಟ್ಟ ಜಾಗವನ್ನು ಪ್ರೋಗ್ರಾಮಿಂಗ್ ಮಾಡಲಾಗದು, ಅಷ್ಟೇ.

ಮೊದಲ ಅಳತೆ ಇಲ್ಲದೆ ಹೋಲಿಕೆ ಇಲ್ಲ

ಶಸ್ತ್ರಚಿಕಿತ್ಸೆಗೆ ಮೊದಲು ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಬುದ್ಧಿ–ಮನಸ್ಸಿನ ಅಳತೆ, ಮಾಡದ ಕೇಂದ್ರದಲ್ಲಿ ತಂತಿ ಹಾಕಿಸಿಕೊಳ್ಳಬೇಡಿ. ಮೋಕಾ ಪರೀಕ್ಷೆ 30 ಅಂಕದ್ದು, 26ಕ್ಕಿಂತ ಕಡಿಮೆ ಬಂದರೆ ಎಚ್ಚರ. ಅದು ಹತ್ತು ನಿಮಿಷದ ಜರಡಿ, ತೀರ್ಪಲ್ಲ. 144 ಅಂಕದ ಮ್ಯಾಟಿಸ್‌ನಲ್ಲಿ 130ಕ್ಕಿಂತ ಕೆಳಗಿದ್ದವರನ್ನು ಹಲವು ಪ್ರಯೋಗಗಳು ಡಿಬಿಎಸ್‌ಗೆ ತೆಗೆದುಕೊಂಡಿಲ್ಲ. ಇವುಗಳ ಮೇಲೆ ಪದದ ವೇಗ, ಬಣ್ಣದ ಹೆಸರಿನ ಸ್ಟ್ರೂಪ್, ಅಂಕಿ–ಅಕ್ಷರ ಜೋಡಿಸುವ ಪರೀಕ್ಷೆ, ಖಿನ್ನತೆ ಮತ್ತು ನಿರಾಸಕ್ತಿಯ ಪ್ರತ್ಯೇಕ ಪ್ರಶ್ನಾವಳಿ, ಚಪಲದ ಪ್ರಶ್ನಾವಳಿ ಬೇಕು. ಚಪಲದ ಪ್ರಶ್ನೆಗಳನ್ನು ಮನೆಯವರಿಗೂ ಬೇರೆಯಾಗಿ ಕೇಳಬೇಕು. ಜೂಜಿನ ಸಾಲವನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಪರೀಕ್ಷೆ ತಪ್ಪಾಗಿ ಕಡಿಮೆ ಬರುವುದಕ್ಕೆ ಮೂರು ಕಾರಣ ಪದೇ ಪದೇ ಕಾಣುತ್ತವೆ. ಒಂದು, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಇದು ನೆನಪನ್ನು ನೇರವಾಗಿ ಮಂಕು ಮಾಡುತ್ತದೆ. ವೈದ್ಯರ ಸಲಹೆಯಂತೆ ವಾರಗಳ ಕಾಲ ಹಂತಹಂತವಾಗಿ ನಿಲ್ಲಿಸಿ ಮತ್ತೆ ಅಳೆದರೆ ಎಷ್ಟೋ ಮಂದಿಯ ಅಂಕ ಏರುತ್ತದೆ. ಎರಡು, ‘ಆಫ್’ ಸ್ಥಿತಿಯಲ್ಲಿ ಕೂರಿಸಿ ಪರೀಕ್ಷಿಸುವುದು. ಮೂರು, ದಿನನಿತ್ಯ ಆಡದ ಭಾಷೆಯಲ್ಲಿ ಪದ ಹುಡುಕಿಸುವುದು. ಅಕ್ಷರ ಕೊಟ್ಟು ಪದ ಹೇಳಿಸುವ ಪರೀಕ್ಷೆ ಮಾತೃಭಾಷೆಯಲ್ಲೇ ಆಗಬೇಕು, ಮುಂದಿನ ಸಲವೂ ಅದೇ ಭಾಷೆಯಲ್ಲಿ, ಆದರೆ ಬೇರೆ ಅಕ್ಷರದಲ್ಲಿ. ಅದೇ ಅಕ್ಷರ ಕೊಟ್ಟರೆ ಅಭ್ಯಾಸದಿಂದ ಅಂಕ ಏರಿ ನಿಜವಾದ ಕುಸಿತ ಮುಚ್ಚಿಹೋಗುತ್ತದೆ. ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ ಮರುಪರೀಕ್ಷೆ. ಆಮೇಲೆ ವರ್ಷಕ್ಕೊಮ್ಮೆ ಸಾಕು.

ಅಂಕ ಇಳಿಯಿತೆಂದು ಬದುಕು ಇಳಿದಂತಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 123 ರೋಗಿಗಳ 2008ರ ಪ್ರಯೋಗದಲ್ಲಿ ಪದದ ವೇಗ, ಸ್ಟ್ರೂಪ್ ಕುಸಿದರೂ ಜೀವನದ ಗುಣಮಟ್ಟದ ಸುಧಾರಣೆಗೆ ಅದರಿಂದ ಧಕ್ಕೆ ಆಗಲಿಲ್ಲ. ಆದರೆ ಮಾತೇ ಬಂಡವಾಳವಾದ ಮೇಷ್ಟ್ರು, ವಕೀಲರು, ಅನುವಾದಕರಿಗೆ ಐದು ಪದದ ಇಳಿಕೆಯ ಬೆಲೆ ಬೇರೆ. ಅವರ ವಿಷಯದಲ್ಲಿ ಸರಾಸರಿ ನೋಡಿ ನಿರ್ಧರಿಸಬಾರದು.

ಹಾಕಿದ ಮೇಲೆ ಕೆಟ್ಟರೆ

ಮೊದಲ ಎರಡು ವಾರದ ಗೊಂದಲ, ಹಗಲುರಾತ್ರಿ ಅದಲುಬದಲಾಗುವುದು ವಯಸ್ಸಾದವರಲ್ಲಿ ಸಾಮಾನ್ಯ, ಹೆಚ್ಚಿನಂಶ ತಾನಾಗಿ ತಿಳಿಯಾಗುತ್ತದೆ. ಹಠಾತ್ತನೆ ಬಂದರೆ, ಜ್ವರವಿದ್ದರೆ, ಒಂದು ಬದಿ ಸೋತರೆ, ಫಿಟ್ಸ್ ಬಂದರೆ ಕಾಯಬೇಡಿ. ರಕ್ತಸ್ರಾವ, ಸೋಂಕು, ತಂತಿಯ ಸುತ್ತಲ ಊತ ಇವೆಯೇ ಎಂದು ಅದೇ ದಿನ ಸ್ಕ್ಯಾನ್ ಆಗಬೇಕು. ಮೂತ್ರದ ಸೋಂಕಿನಂಥ ಚಿಕ್ಕ ಕಾರಣವೂ ಇದೇ ವೇಷದಲ್ಲಿ ಬರುತ್ತದೆ.

ಪ್ರೋಗ್ರಾಮಿಂಗ್‌ಗೆ ಬಂದಾಗ ಸಾಮಾನ್ಯ ಸೆಟ್ಟಿಂಗ್ 130 ಹರ್ಟ್ಸ್ (ಸೆಕೆಂಡಿಗೆ 130 ಮಿಡಿತ), ಮಿಡಿತದ ಅಗಲ 60 ಮೈಕ್ರೋಸೆಕೆಂಡ್. ಮಾತು, ಮನಸ್ಸು ಕೆಟ್ಟಿದ್ದರೆ ಮೊದಲು ಕರೆಂಟನ್ನು ತಂತಿಯ ಕೆಳತುದಿಯಿಂದ ಮೇಲಿನ ಸಂಪರ್ಕಕ್ಕೆ ಸರಿಸುವುದು, ಆಮೇಲೆ ಪ್ರಮಾಣ ಇಳಿಸುವುದು, ಯಂತ್ರದಲ್ಲಿ ಆಗುವುದಾದರೆ ಮಿಡಿತದ ಅಗಲವನ್ನು 30 ಮೈಕ್ರೋಸೆಕೆಂಡ್‌ಗೆ ಇಳಿಸುವುದು, ಕೊನೆಗೆ 60ರಿಂದ 80 ಹರ್ಟ್ಸ್ ಪ್ರಯತ್ನಿಸುವುದು. ಆವರ್ತನ ಇಳಿಸಿದಾಗ ನಡುಕ ಮರುಕಳಿಸಬಹುದು ಎಂಬುದಕ್ಕೇ ಅದು ಕೊನೆ. ಒಂದು ಸಲಕ್ಕೆ ಒಂದೇ ಬದಲಾವಣೆ; ಒಂದೇ ದಿನ ಮೂರು ಬದಲಿಸಿದರೆ ಯಾವುದು ಫಲಿಸಿತೆಂದು ಯಾರಿಗೂ ತಿಳಿಯದು. ಅಡ್ಡಪರಿಣಾಮ ಕಂಡಿತೆಂದು ಮನೆಯಲ್ಲಿ ರಿಮೋಟ್‌ನಿಂದ ಯಂತ್ರ ಆಫ್ ಮಾಡಬೇಡಿ. ಮಾತ್ರೆ ಇಳಿಸಿದ ವ್ಯಕ್ತಿಯಲ್ಲಿ ಕರೆಂಟೂ ನಿಂತರೆ ದೇಹ ಪೂರ್ತಿ ಬಿಗಿದು ಪ್ರಾಣಾಪಾಯ ಆಗಬಹುದು.

ನಿರಾಸಕ್ತಿಗೆ ಸೆಟ್ಟಿಂಗ್ ತಿರುವುತ್ತಾ ಕೂರುವುದು ಪದೇ ಪದೇ ಆಗುವ ತಪ್ಪು. ಇಳಿಸಿದ ಡೋಪಮಿನ್ ಮಾತ್ರೆಯನ್ನು ಸ್ವಲ್ಪ ವಾಪಸ್ ಏರಿಸಿ ನೋಡುವುದು ಅದಕ್ಕಿಂತ ಮೊದಲು ಆಗಬೇಕು. ಮೊದಲ ವರ್ಷದಲ್ಲಿ ಆತ್ಮಹತ್ಯೆಯ ಯೋಚನೆಯ ಮೇಲೂ ಕಣ್ಣಿರಬೇಕು: ಎಸ್‌ಟಿಎನ್ ಆದ 5,311 ರೋಗಿಗಳನ್ನು ಒಳಗೊಂಡ 2008ರ ಸಮೀಕ್ಷೆಯಲ್ಲಿ ಶೇ. 0.45 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು, ಶೇ. 0.90 ಮಂದಿ ಪ್ರಯತ್ನಿಸಿದ್ದರು, ಮೊದಲ ವರ್ಷದಲ್ಲೇ ಹೆಚ್ಚು. ಕೈ ನಡುಗದೆ ನಡೆದಾಡುತ್ತಿರುವವರು ‘ಸುಖವಾಗಿದ್ದಾರೆ’ ಎಂದು ಮನೆಯವರು ಅಂದುಕೊಳ್ಳುವುದು ಸಹಜ, ಹಾಗಾಗಿ ಪ್ರತಿ ಭೇಟಿಯಲ್ಲೂ ಬಾಯಿಬಿಟ್ಟು ಕೇಳಬೇಕು. ಅಂಥ ಯೋಚನೆ ಇದೆ ಎಂದರೆ ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು, ಒಬ್ಬರನ್ನೇ ಬಿಡಬಾರದು.

ಮನೆಯಲ್ಲಿ ಒಂದು ನೋಟುಪುಸ್ತಕ ಇಡಿ. ಎಡಗಡೆ ದಿನಾಂಕ, ಬದಲಿಸಿದ ಸೆಟ್ಟಿಂಗ್, ಬದಲಿಸಿದ ಮಾತ್ರೆಯ ಪ್ರಮಾಣ. ಬಲಗಡೆ ಮಾತು, ನಿದ್ದೆ, ಸಿಟ್ಟು, ಖರ್ಚು, ತಾವಾಗಿ ಶುರುಮಾಡಿದ ಕೆಲಸಗಳು. ಭೇಟಿಯ ದಿನ ಪ್ರೋಗ್ರಾಮರ್ ಯಂತ್ರ ತೆರೆಯುವ ಮೊದಲು ಆ ಪುಟವನ್ನೇ ಅವರ ಮುಂದಿಡಿ.